ಮೌನಕ್ಕೊಂದು ತಾಲೀಮು

ನನ್ನ ಹೆಂಡತಿ ಸೀತಾಲಕ್ಷ್ಮಿ ಒಂದು ದಿನವಾದರೂ ಮಾತು ನಿಲ್ಲಿಸಲಿ ಎಂದು ಮೂವತ್ತೊಂದು ವರ್ಷಗಳಲ್ಲಿ ನಾನು ಬೇಡಿಕೊಳ್ಳದ ದೇವರಿಲ್ಲ. ಕಳೆದ ತಿಂಗಳು ಆಕೆ ನಿಲ್ಲಿಸಿಯೇ ಬಿಟ್ಟಳು. ಆ ಐದು ದಿನ ನಾನು ಪಟ್ಟ ಭಯವನ್ನು ಯಾರ ಹತ್ತಿರವಾದರೂ ಹೇಳಿಕೊಳ್ಳದಿದ್ದರೆ ನನ್ನ ಬಿ.ಪಿ. ಇಳಿಯುವ ಹಾಗಿಲ್ಲ. (ಬಿ.ಪಿ. ಇಳಿಯದಿದ್ದರೆ ನನಗೆ ಉಪ್ಪಿನಕಾಯಿ ಸಿಗುವುದಿಲ್ಲ. ಉಪ್ಪಿನಕಾಯಿಯ ವಿಷಯ ಆಮೇಲೆ ಬರುತ್ತದೆ. ಈ ಅನಾಹುತಕ್ಕೆಲ್ಲ ಮೂಲವೇ ಅದು.)

ಶುರುವಾದದ್ದು ನಮ್ಮ ಮಗಳು ತನ್ಮಯಿ ಕೆಲಸ ಮಾಡುವ ಮ್ಯೂಸಿಯಮ್ಮಿನಿಂದ. ಮ್ಯೂಸಿಯಂ ಎಂದರೆ ನಿಮಗೂ ನನಗೂ ಗೊತ್ತಿರುವುದು ಮೂಗು ಮುರಿದ ವಿಗ್ರಹ, ತುಕ್ಕು ಹಿಡಿದ ಕತ್ತಿ, ಗಾಜಿನ ಪೆಟ್ಟಿಗೆಯಲ್ಲಿ ಹುಲ್ಲು ತುಂಬಿದ ಹುಲಿ. ಇದು ಹಾಗಲ್ಲ. ಹುಳಿಮಾವಿನ ಹತ್ತಿರ ಹಳೆಯ ಊದುಬತ್ತಿ ಗೋದಾಮೊಂದನ್ನು ಹಿಡಿದು ಮಾಡಿರುವ ಅತ್ಯಾಧುನಿಕ ಕಲಾ ಮಂದಿರ. ಒಂದು ಕೋಣೆಯಲ್ಲಿ ಬರೀ ಒಂದು ಕುರ್ಚಿ ಇದೆ. ಅದರ ಮೇಲೆ ಕೂರುವಂತಿಲ್ಲ. ಪಕ್ಕದ ಕೋಣೆಯಲ್ಲಿ ಕುರ್ಚಿಯೇ ಇಲ್ಲ, ಅಲ್ಲಿ ಕೂರಲೇಬೇಕು. ಕೊನೆಯ ಕೋಣೆ ನಮ್ಮ ತನ್ಮಯಿಯದು. ಒಂದು ವರ್ಷ ನಿದ್ದೆಗೆಟ್ಟು ಮಾಡಿದ್ದಾಳೆ. ಹನ್ನೆರಡು ಜನ ಕತ್ತಲೆಯಲ್ಲಿ ನೆಲದ ಮೇಲೆ ಕೂರಬೇಕು. ಯಾರೂ ಮಾತಾಡದೆ ಇದ್ದರೆ ಒಂದು ದೀಪ ನಿಧಾನವಾಗಿ ಏರುತ್ತಾ ಹೋಗುತ್ತದೆ. ಎದುರಿನ ಗೋಡೆಯ ಮೇಲಿನ ಚಿತ್ರ ಚೂರುಚೂರೇ ಕಾಣಿಸಿಕೊಳ್ಳುತ್ತದೆ. ನಲವತ್ತು ನಿಮಿಷಕ್ಕೆ ಪೂರ್ತಿ ಚಿತ್ರ. ನಡುವೆ ಯಾರಾದರೂ ಒಂದೇ ಒಂದು ಮಾತಾಡಿದರೂ ದೀಪ ಆರಿಹೋಗುತ್ತದೆ.

"ಏನು ಚಿತ್ರ ಪುಟ್ಟೀ?" ಎಂದು ಕೇಳಿದೆ.

"ಅದು ಸರ್‌ಪ್ರೈಸ್ ಅಪ್ಪ. ಮುಂದಿನ ಭಾನುವಾರ ಟ್ರಯಲ್ ಇದೆ. ನಮ್ಮ ಡೈರೆಕ್ಟರ್ ಶುಭಾ ಮೇಡಂ ಅವತ್ತು ಕೂತು ನೋಡ್ತಾರೆ. ನಲವತ್ತು ನಿಮಿಷ ನಡೆದ್ರೆ ನನ್ನ ರೂಮು ಜನಕ್ಕೆ ಓಪನ್. ನಡೀಲಿಲ್ಲ ಅಂದ್ರೆ ಅದನ್ನ ಸ್ಟೋರ್ ರೂಮ್ ಮಾಡ್ಕೊಳ್ತಾರಂತೆ. ಮನೆಯವರಿಗೆ ಅಂತ ಮೂರು ಪಾಸ್ ಕೊಟ್ಟಿದಾರೆ. ಪ್ಲೀಸ್, ನಲವತ್ತೇ ನಿಮಿಷ!"

ಪ್ಲೀಸ್ ಎನ್ನುವಾಗ ನಾವಿಬ್ಬರೂ ನೋಡಿದ್ದು ಸೀತೆಯ ಕಡೆಗೆ.

"ಯಾಕ್ರೀ ಇಬ್ರೂ ನನ್ನನ್ನೇ ನೋಡ್ತೀರಾ? ನಾನೇನು ಅಷ್ಟೊಂದು ಮಾತಾಡ್ತೀನಾ? ಕೇಳಿದ್ದಕ್ಕೆ ಉತ್ತರ ಕೊಡ್ತೀನಿ, ಅಷ್ಟೇ. ಮೊನ್ನೆ ಎದುರುಮನೆಯವರೂ ಹಿಂಗೇ ಅಂದ್ರು, ಅದಕ್ಕೆ ನಾನಂದೆ..." ಎಂದು ಶುರುಮಾಡಿದವಳು, ಎದುರುಮನೆಯಿಂದ ಹೊರಟು, ಪುಟ್ಟೇನಹಳ್ಳಿ ಕೆರೆಯ ಹಕ್ಕಿಗಳನ್ನು ಮಾತಾಡಿಸಿ, ಬನಶಂಕರಿ ದೇವಸ್ಥಾನದ ಕ್ಯೂನಲ್ಲಿ ನಿಂತು, ನಾಲ್ಕನೇ ಬ್ಲಾಕಿನ ಸೊಪ್ಪಿನವಳ ಸೊಸೆಯ ಬಾಣಂತನ ಮುಗಿಸಿ ವಾಪಸ್ಸು ಬರುವಷ್ಟರಲ್ಲಿ ನಲವತ್ತೆರಡು ನಿಮಿಷ ಆಗಿತ್ತು. (ನಾನು ಗಡಿಯಾರ ನೋಡಿಕೊಂಡಿದ್ದೆ.)

ಸಂಗೀತ ಕಚೇರಿ ನಡೆಯುವಾಗ ಮೃದಂಗದ ತನಿ ಆವರ್ತನದ ಮಧ್ಯೆ ಮುಂದಿನ ಸಾಲಿನವರಿಗೆ ಗೊಜ್ಜಿನ ಪಾಕ ಹೇಳಿಕೊಟ್ಟವಳು ಈಕೆ. ಮೆಟ್ರೋದಲ್ಲಿ 'ಮುಂದಿನ ನಿಲ್ದಾಣ' ಎಂದು ಕೇಳಿಸಿದರೆ "ಹೌದಮ್ಮಾ, ಗೊತ್ತು" ಎಂದು ಉತ್ತರ ಕೊಡುವವಳು. ಇವಳನ್ನು ನಲವತ್ತು ನಿಮಿಷ ಕತ್ತಲೆಯಲ್ಲಿ ಸುಮ್ಮನೆ ಕೂರಿಸುವುದೆಂದರೇನು? ಮಗಳ ಒಂದು ವರ್ಷದ ದುಡಿಮೆ ಅಮ್ಮನ ಒಂದು ಮಾತಿಗೆ ನೀರಲ್ಲಿ ಹೋಮವಾದರೆ ಗತಿಯೇನು? ಆ ರಾತ್ರಿ ನಾನು ಸರಿಯಾಗಿ ಊಟ ಮಾಡಲಿಲ್ಲ.

ಬೆಳಗ್ಗೆ ಎದ್ದಾಗ ಒಂದು ಉಜ್ವಲ ಉಪಾಯ ಹೊಳೆಯಿತು. ನಾನು ಮೂವತ್ತನಾಲ್ಕು ವರ್ಷ ಪರೀಕ್ಷಾ ವಿಭಾಗದಲ್ಲಿ ದುಡಿದು ಸೂಪರಿಂಟೆಂಡೆಂಟ್ ಆಗಿ ನಿವೃತ್ತನಾದವನು. ಮುನ್ನೂರು ಹುಡುಗರನ್ನು ಮೂರು ಗಂಟೆ ತುಟಿಪಿಟಕ್ಕೆನ್ನದೆ ಕೂರಿಸಿದ ಅನುಭವಿ. ಮೌನವೆಂಬುದು ನನ್ನ ವೃತ್ತಿ ಎಂದರೂ ತಪ್ಪಿಲ್ಲ. ಆದ್ದರಿಂದ ಮ್ಯೂಸಿಯಂ ಸಂದರ್ಶನದ ಪೂರ್ವಸಿದ್ಧತೆಗಾಗಿ ಬುಧವಾರ ಮಧ್ಯಾಹ್ನ ನಾಲ್ಕಕ್ಕೆ ಸ್ವಗೃಹದಲ್ಲಿಯೇ ಒಂದು ಗಂಟೆಯ ಅಣಕು ಮೌನ ಪರೀಕ್ಷೆ ನಡೆಸುವುದೆಂದು ತೀರ್ಮಾನಿಸಿದೆ. ಸೂಚನೆಗಳನ್ನು ಒಂದು ಹಾಳೆಯಲ್ಲಿ ಬರೆದೆ. ಮಾತು, ಪಿಸುಮಾತು, ಗೊಣಗಾಟ, 'ಅಯ್ಯೋ', 'ಶಿವನೇ', 'ಹೂಂ' ಎಲ್ಲವೂ ನಿಷಿದ್ಧ.

ಸೀತೆ ಹಾಳೆಯನ್ನು ಎರಡು ಸಲ ಓದಿದಳು. ಅವಳ ಮುಖ ಯಾಕೋ ಸಪ್ಪಗಾಯಿತು.

"ನನ್ನಿಂದ ಮಗೂ ಕೆಲಸ ಕೆಡುತ್ತೆ ಅಂತ ನಿಮಗೆ ಅಷ್ಟೊಂದು ಭಯಾನಾ?"

"ಭಯ ಅಲ್ಲ ಸೀತೂ, ಮುಂಜಾಗ್ರತೆ."

"ಸರಿ ಇರಿ. ಕೈಕಾಲು ತೊಳ್ಕೊಂಡು ಬರ್ತೀನಿ."

ದೇವರ ಕೋಣೆಗೆ ಹೋದವಳು ಹತ್ತು ನಿಮಿಷ ಬಿಟ್ಟು ಬಂದು ಚಾಪೆಯ ಮೇಲೆ ಕೂತಳು. ನಾನು ಸ್ಟೀಲ್ ತಟ್ಟೆಗೆ ಸೌಟಿನಿಂದ ಬಾರಿಸಿ ಪರೀಕ್ಷೆ ಆರಂಭಿಸಿದೆ. ಆಶ್ಚರ್ಯ! ಒಂದು ಗಂಟೆ ಆಕೆ ಕಮಕ್ ಕಿಮಕ್ ಎನ್ನಲಿಲ್ಲ. ತರಕಾರಿ ಗಾಡಿಯವನು ಬಾಗಿಲಲ್ಲಿ ನಿಂತು "ಅವರೇಕಾಯಿ ಅಮ್ಮಾ, ಸೊಗಡು ಅವರೇಕಾಯಿ" ಎಂದು ಕೂಗಿದಾಗಲೂ ಅಲುಗಲಿಲ್ಲ. (ಅವರೇಕಾಯಿಗೆ ಅಲುಗದ ಸೀತೆಯನ್ನು ನಾನು ನೋಡಿದ್ದು ಅದೇ ಮೊದಲು.) ಐದು ಗಂಟೆಗೆ ಮತ್ತೆ ತಟ್ಟೆ ಬಾರಿಸಿದೆ.

"ಶಭಾಷ್! ಡಿಸ್ಟಿಂಕ್ಷನ್! ಇನ್ನು ಮಾತಾಡು."

ಸೀತೆ ನನ್ನ ಮುಖ ನೋಡಿದಳು. ಎದ್ದಳು. ಅಡಿಗೆಮನೆಗೆ ಹೋದಳು. ಮಾತಾಡಲಿಲ್ಲ.

"ಸೀತೂ, ಟೈಮ್ ಆಯ್ತು ಕಣೇ."

ಒಳಗಿನಿಂದ ತೆಂಗಿನಕಾಯಿ ಒಡೆದ ಸದ್ದು ಮಾತ್ರ ಬಂತು.

ರಾತ್ರಿ ಊಟಕ್ಕೆ ಕೂತಾಗ ಮೊಸರು ಬೇಕೆಂದು ಕೈ ತೋರಿಸಿದೆ. ಸೀತೆ ಮೊಸರಿನ ಪಕ್ಕದಲ್ಲಿದ್ದ ಬಾಟಲಿ ತೆಗೆದು ನನ್ನ ತಟ್ಟೆಗೆ ಎರಡು ಹೋಳು ಉಪ್ಪಿನಕಾಯಿ ಬಡಿಸಿದಳು! ಡಾಕ್ಟರು ಬೇಡವೆಂದು ಹೇಳಿ ನಾಲ್ಕು ವರ್ಷವಾಗಿದೆ. ನಾಲ್ಕು ವರ್ಷದಿಂದ ಆ ಬಾಟಲಿಯ ಕಡೆ ಕಣ್ಣು ಹಾಯಿಸಿದರೂ "ಏನ್ರೀ!" ಎಂದು ಗದರುತ್ತಿದ್ದವಳು ಇವತ್ತು ತಾನಾಗಿ ಬಡಿಸುತ್ತಾಳೆಂದರೆ? ಜೊತೆಗೆ ಅವಳು ಬಲಗೈಗೆ ಅರಿಶಿನದ ದಾರ ಕಟ್ಟಿಕೊಂಡಿದ್ದುದು ಆಗ ಕಣ್ಣಿಗೆ ಬಿತ್ತು. ಕಂಕಣ ಕಟ್ಟಿಬಿಟ್ಟಿದ್ದಾಳೆ! ಯಾರ ಮೇಲೆ? ಮನೆಯಲ್ಲಿ ಇರುವವನು ನಾನೊಬ್ಬನೇ.

ಅವಳಿಗೆ ಗೊತ್ತಾಗಿಹೋಗಿದೆ.

ಏನು ಗೊತ್ತಾಗಿದೆ ಎಂದು ನಿಮಗೂ ಹೇಳಿಬಿಡುತ್ತೇನೆ. ಸೀತೆಯ ಅಮ್ಮ ಕೊಟ್ಟ ಒಂದು ಪಿಂಗಾಣಿ ಜಾಡಿ ನಮ್ಮ ಮನೆಯಲ್ಲಿತ್ತು. ಮೇಲೆ ಕಂದು, ಕೆಳಗೆ ಕೆನೆಬಣ್ಣ. ಬಾಯಿಯ ಅಂಚಿನಲ್ಲಿ ಅಕ್ಕಿಕಾಳಿನಷ್ಟು ಚೂರು ಹಾರಿತ್ತು. ಪ್ರತಿವರ್ಷ ಮಾವಿನ ಮಿಡಿ ಅದರಲ್ಲೇ ಆಗಬೇಕು. ತನ್ಮಯಿ ಚಿಕ್ಕವಳಿದ್ದಾಗ ಅಜ್ಜಿಯ ತೊಡೆಯ ಮೇಲೆ ಕೂತು ಅದರೊಳಗೆ ಕೈ ಹಾಕಿ ಬೆಳೆದವಳು. ನನಗೆ ಪಥ್ಯ ಆದಮೇಲೆ ಜಾಡಿ ಮೇಲಿನ ಶೆಲ್ಫಿಗೆ ಹೋಯಿತು. ಮೂರು ವರ್ಷದ ಹಿಂದೆ ಒಂದು ಮಧ್ಯಾಹ್ನ ಸೀತೆ ಭಜನೆಗೆ ಹೋದಾಗ ನಾನು ಸ್ಟೂಲು ಹತ್ತಿದೆ. ಒಂದೇ ಒಂದು ಮಿಡಿಗಾಗಿ! ಜಾಡಿ ಕೈಜಾರಿ ನೆಲಕ್ಕೆ ಬಿದ್ದು ನೂರು ಚೂರಾಯಿತು.

ಸೀತೆ ಬಂದು ಚೂರುಗಳ ಮುಂದೆ ಕೂತು ಅತ್ತಳು. ನಾನು ಯಾರ ಮೇಲೂ ತಪ್ಪು ಹೊರಿಸಲಿಲ್ಲ. "ಬೆಳಗ್ಗೆ ದಾನಮ್ಮ ಆ ಶೆಲ್ಫು ಒರೆಸ್ತಿದ್ಲು" ಎಂದು ಒಂದು ಸಂಗತಿಯನ್ನು ದಾಖಲಿಸಿದೆ, ಅಷ್ಟೇ. (ಕಚೇರಿಯ ಕಡತಗಳಲ್ಲಿ ಇದಕ್ಕೆ 'ಗಮನಕ್ಕೆ ತರಲಾಗಿದೆ' ಎನ್ನುತ್ತಾರೆ.) ದಾನಮ್ಮ ನಮ್ಮ ಮನೆಗೆಲಸದವಳು, ಸಿಂದಗಿ ಕಡೆಯವಳು. "ನಮ್ಮೂರ ದೇವರ ಆಣೆ, ನಾ ಕೆಡವಿಲ್ರಿ ಅಮ್ಮಾರ" ಎಂದು ಹೇಳಿದಳು. ಸೀತೆ ಬೈಯಲಿಲ್ಲ. ಆದರೆ ಅವತ್ತಿನಿಂದ ಆ ಶೆಲ್ಫನ್ನು ದಾನಮ್ಮನ ಕೈಗೆ ಕೊಡಲಿಲ್ಲ. ತಾನೇ ಮಂಡಿನೋವಿನಲ್ಲಿ ಹತ್ತಿ ಒರೆಸುತ್ತಾಳೆ. ಅದನ್ನು ನೋಡಿದಾಗಲೆಲ್ಲ ನನಗೆ ನಾಚಿಕೆಯಾಗುತ್ತದೆ. ನಾಚಿಕೆಗಿಂತ ಭಯ ಒಂದು ಮುಷ್ಟಿ ಹೆಚ್ಚಿರುವುದರಿಂದ ಸುಮ್ಮನಿದ್ದೆ.

ಗುರುವಾರ ಬೆಳಗ್ಗೆ ಕಾಫಿ ಬಂತು, ಮಾತು ಬರಲಿಲ್ಲ. ಸೀತೆ ಬೈದರೆ ಎಷ್ಟು ಕೋಪವಿದೆ ಎಂದು ಅಳತೆ ಸಿಗುತ್ತದೆ. ಪಾತ್ರೆ ಕುಕ್ಕಿದರೆ ಇನ್ನೂ ಖಚಿತವಾಗಿ ತಿಳಿಯುತ್ತದೆ. ಇವಳು ಪಾತ್ರೆಯನ್ನೂ ಮೆಲ್ಲಗೆ ಇಡುತ್ತಿದ್ದಾಳೆ! ನಾನು ಪೆನ್ನು, ನೋಟ್‌ಪುಸ್ತಕ ಮುಂದಿಟ್ಟು "ಕೋಪಾನಾ? ಬರೆದಾದ್ರೂ ಹೇಳು" ಎಂದೆ. ಪುಸ್ತಕ ಮುಚ್ಚಿ ಟಿ.ವಿ. ಮೇಲಿಟ್ಟು ಹೋದಳು.

ದೊಡ್ಡ ತಪ್ಪನ್ನು ಮುಚ್ಚಿಡಲು ಸಣ್ಣವನ್ನು ಒಪ್ಪಿಕೊಳ್ಳುವುದು ಲೇಸೆಂದು ತೋರಿತು.

"ಸೀತೂ, ದಿನಾ ಸಂಜೆ ಪಾರ್ಕಲ್ಲಿ ನಾಲ್ಕು ರೌಂಡ್ ಹಾಕ್ತೀನಿ ಅಂತೀನಲ್ಲ, ಅದು ಒಂದೇ ರೌಂಡು. ಆಮೇಲೆ ದರ್ಶಿನೀಲಿ ಒಂದು ವಡೆ."

ಮೌನ.

"ಎರಡು ವಡೆ."

ಅವಳು ಹುಬ್ಬೇರಿಸಿದಳು.

"ನಿಮ್ಮಕ್ಕ ಹೆಣೆದುಕೊಟ್ಟ ಸ್ವೆಟರ್ ರೈಲಲ್ಲಿ ಕಳೆದುಹೋಗಲಿಲ್ಲ. ವಾಚ್‌ಮನ್‌ಗೆ ಕೊಟ್ಟೆ. ನಿನ್ನ ಭಜನೆ ಕಾರ್ಯಕ್ರಮಕ್ಕೆ ಬಂದಾಗ ಕಣ್ಣು ಮುಚ್ಚಿಕೊಂಡಿದ್ದು ಭಕ್ತಿಗಲ್ಲ..."

ಸೀತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಎದ್ದುಹೋದಳು. ಅಳುತ್ತಿದ್ದಳೋ, ನಗುತ್ತಿದ್ದಳೋ ಹಿಂದಿನಿಂದ ತಿಳಿಯಲಿಲ್ಲ. ಹೆದರಿದವನಿಗೆ ಎಲ್ಲವೂ ಅಳುವಂತೆಯೇ ಕಾಣುತ್ತದೆ.

ಅತ್ತ ತನ್ಮಯಿ ಫೋನಿನ ಮೇಲೆ ಫೋನು. ಕೆಲಸ ಮುಗಿಯುವವರೆಗೆ ಹುಳಿಮಾವಿನಲ್ಲೇ ಗೆಳತಿಯ ಮನೆಯಲ್ಲಿದ್ದಾಳೆ. "ಅಮ್ಮಂಗೆ ಕೊಡಪ್ಪ" ಎಂದಳು. ಅಮ್ಮ ಮಾತು ಬಿಟ್ಟಿದ್ದಾಳೆ ಎಂದರೆ ಯಾಕೆ ಎನ್ನುತ್ತಾಳೆ. ಯಾಕೆ ಎಂದರೆ ಜಾಡಿಗೆ ಬಂದು ನಿಲ್ಲುತ್ತದೆ.

"ಅಮ್ಮ ಸ್ನಾನ ಮಾಡ್ತಿದಾಳೆ ಪುಟ್ಟೀ."

"ಬೆಳಗ್ಗೆಯಿಂದ ಮೂರು ಸಲ ಸ್ನಾನ ಮಾಡ್ತಿದಾಳಲ್ಲಪ್ಪ! ಏನಾಗಿದೆ ಅಮ್ಮಂಗೆ?"

"ಸೆಕೆ," ಎಂದು ಫೋನಿಟ್ಟೆ. (ಅದು ಡಿಸೆಂಬರ್ ತಿಂಗಳು.)

ಶುಕ್ರವಾರ ಧೈರ್ಯ ಮಾಡಿ ದಾನಮ್ಮನನ್ನು ಹಿತ್ತಿಲಿನಲ್ಲಿ ಹಿಡಿದೆ. ಒಡೆದವನು ನಾನೆಂದು ಅವಳು ಹೇಗೋ ಪತ್ತೆಮಾಡಿ ಸೀತೆಗೆ ಹೇಳಿದ್ದಾಳೆಂಬುದು ನನ್ನ ಗುಮಾನಿ.

"ದಾನಮ್ಮ, ಅಮ್ಮಾವ್ರು ನಿನ್ ಹತ್ರ ಏನಾದ್ರೂ ಅಂದ್ರಾ?"

"ಇಲ್ರಿ ಸಾರ್. ಎರಡು ದಿನ ಆತು, ಕೈಸನ್ನಿ ಬಿಟ್ರ ಮಾತಿಲ್ಲ." ಪಾತ್ರೆ ಉಜ್ಜುವುದನ್ನು ನಿಲ್ಲಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಯಾಕ್ರಿ, ನೀವೇನರ ಮಾಡೀರೇನು?"

"ನಾನೇನು ಮಾಡ್ತೀನಿ? ಛೆ ಛೆ!" ಎಂದವನ ಧ್ವನಿ ಕೀರಲಾಗಿತ್ತು.

ಮೂರನೆಯ ಪಾಸನ್ನು ನಾನು ನನ್ನ ವಾಕಿಂಗ್ ಗೆಳೆಯನಿಗೆಂದು ಇಟ್ಟಿದ್ದೆ. ಶನಿವಾರ ಮಧ್ಯಾಹ್ನ ನೋಡನೋಡುತ್ತಿದ್ದಂತೆ ಸೀತೆ ಅದನ್ನು ತೆಗೆದು ದಾನಮ್ಮನ ಕೈಯಲ್ಲಿಟ್ಟಳು. ಜೊತೆಗೆ ಒಂದು ರವಿಕೆ ಕಣ, ಎಲೆ ಅಡಿಕೆ. ದಾನಮ್ಮ ಕಣ್ಣಿಗೊತ್ತಿಕೊಂಡಳು. ನನಗೆ ಎಲ್ಲವೂ ಸ್ಪಷ್ಟವಾಯಿತು. ವಾದಿ, ಪ್ರತಿವಾದಿ, ಸಾಕ್ಷಿ ಮೂವರೂ ಒಂದೇ ಕೋಣೆಯಲ್ಲಿ, ಅದೂ ಕತ್ತಲೆಯಲ್ಲಿ! ಜ್ವರ ಬಂದಿದೆ, ನಾನು ಬರುವುದಿಲ್ಲ ಎಂದೆ. ಸೀತೆ ಥರ್ಮಾಮೀಟರು ತಂದು ಬಾಯಿಗಿಟ್ಟಳು. ತೊಂಬತ್ತೆಂಟು ಪಾಯಿಂಟ್ ನಾಲ್ಕು. ಅದನ್ನು ನನ್ನ ಕಣ್ಣೆದುರೇ ಹಿಡಿದು, ಹಾಗೇ ನೋಡಿದಳು.

ಭಾನುವಾರ ಆಟೋದಲ್ಲಿ ನಾನು ಮಧ್ಯೆ, ಆ ಕಡೆ ಈ ಕಡೆ ಅವರಿಬ್ಬರು. ಜಯನಗರದಿಂದ ಹುಳಿಮಾವಿನವರೆಗೆ ಮೂವರೂ ಮಾತಾಡಲಿಲ್ಲ. ಆಟೋದವನು ಕನ್ನಡಿಯಲ್ಲಿ ನಮ್ಮನ್ನು ನೋಡಿ, "ಯಾರಾದ್ರೂ ಹೋಗ್ಬಿಟ್ರಾ ಸಾರ್?" ಎಂದು ಮೆಲ್ಲಗೆ ಕೇಳಿದ.

ಬಾಗಿಲಲ್ಲಿ ತನ್ಮಯಿ ನಿಂತಿದ್ದಳು. ಕಣ್ಣ ಕೆಳಗೆ ಕಪ್ಪಾಗಿತ್ತು. "ಅಮ್ಮಾ, ಪ್ಲೀಸ್..." ಎಂದಳು. ಸೀತೆ ಅವಳ ಗಲ್ಲ ಸವರಿ ತುಟಿಯ ಮೇಲೆ ಬೆರಳಿಟ್ಟು ತೋರಿಸಿದಳು. ಶುಭಾ ಮೇಡಂ ಬಿಳಿ ಕೂದಲಿನ ಗಟ್ಟಿ ಹೆಂಗಸು. ಕೈಯಲ್ಲಿ ಗಡಿಯಾರ ಹಿಡಿದು ಗೋಡೆಗೊರಗಿ ಕೂತಿದ್ದರು. ಮೂವತ್ತನಾಲ್ಕು ವರ್ಷ ನಾನು ಬೇರೆಯವರಿಗೆ ಮಾಡಿದ್ದು ಇದನ್ನೇ ಎಂಬುದು ನೆನಪಾಯಿತು.

ಕತ್ತಲಾಯಿತು. ನನ್ನ ಎಡಕ್ಕೆ ಸೀತೆ, ಬಲಕ್ಕೆ ದಾನಮ್ಮ. ಹತ್ತು ನಿಮಿಷ ಏನೂ ಕಾಣಲಿಲ್ಲ. ಹದಿನೈದಕ್ಕೆ ಗೋಡೆಯ ಮೇಲೆ ಮಸುಕಾಗಿ ಒಂದು ದುಂಡನೆಯ ಗೆರೆ. ಇಪ್ಪತ್ತಕ್ಕೆ ಅದು ಯಾರದೋ ಹೊಟ್ಟೆಯೆಂದು ತೋರಿ ಗಣಪತಿ ಇರಬೇಕೆಂದು ಸಮಾಧಾನ ಪಟ್ಟೆ. ಇಪ್ಪತ್ತೆಂಟಕ್ಕೆ ಕೆಳಗೆ ಕೆನೆಬಣ್ಣ ಬಂತು. ಮೂವತ್ತಮೂರಕ್ಕೆ ಮೇಲೆ ಕಂದು. ಅಲ್ಲ, ಇರಲಾರದು, ಜಗತ್ತಿನಲ್ಲಿ ಜಾಡಿಗಳು ಬೇಕಾದಷ್ಟಿವೆ ಎಂದುಕೊಂಡೆ. ಮೂವತ್ತೆಂಟನೆಯ ನಿಮಿಷಕ್ಕೆ ಬಾಯಿಯ ಅಂಚು ಕಂಡಿತು. ಅಂಚಿನಲ್ಲಿ ಅಕ್ಕಿಕಾಳಿನಷ್ಟು ಚೂರು ಹಾರಿತ್ತು.

ಎಡಗಡೆಯಿಂದ ಸೀತೆ ನನ್ನ ಕಡೆ ತಿರುಗಿದ್ದು ಗೊತ್ತಾಯಿತು.

"ಒಡೆದಿದ್ದು ನಾನೇ!" ಎಂದು ಕಿರುಚಿದೆ. "ದಾನಮ್ಮ ಅಲ್ಲ! ನಾನೇ ಸ್ಟೂಲ್ ಹತ್ತಿದ್ದು! ಒಂದೇ ಒಂದು ಮಿಡಿಗೆ!"

ದೀಪ ಆರಿತು. ಆ ಗಾಢಾಂಧಕಾರದಲ್ಲಿ, ಐದು ದಿನಗಳ ನಂತರ, ನನ್ನ ಧರ್ಮಪತ್ನಿಯ ಧ್ವನಿ ಕೇಳಿಸಿತು.

"ಏನ್ರೀ?"

ಅದಾದ ಮೇಲೆ ಬಲಗಡೆಯಿಂದ, ಬಹಳ ಶಾಂತವಾಗಿ: "ಹೇಳಿದ್ದೆ ನೋಡ್ರಿ ಅಮ್ಮಾರ, ನಾ ಅಲ್ಲಂತ."

ಲೈಟು ಹಾಕಿದರು. ಒಂಬತ್ತು ಜನ ಅಪರಿಚಿತರು ನನ್ನನ್ನೇ ನೋಡುತ್ತಿದ್ದರು. ತನ್ಮಯಿ ಬಾಗಿಲಲ್ಲಿ ತಲೆಯ ಮೇಲೆ ಕೈ ಹೊತ್ತು ಕುಸಿದು ಕೂತಿದ್ದಳು. "ಅಪ್ಪಾ, ಅಜ್ಜಿ ಜಾಡಿ ಮತ್ತೆ ನೋಡೋಕೆ ಸಿಗಲ್ಲ ಅಂತ ಅದನ್ನ ಬರೆದಿದ್ದೆ. ಅಮ್ಮಂಗೆ ಸರ್‌ಪ್ರೈಸ್ ಅಂತ. ಇನ್ನೆರಡೇ ನಿಮಿಷ ಇತ್ತಲ್ಲಪ್ಪ!" ಭೂಮಿ ಬಾಯಿ ಬಿಟ್ಟು ನುಂಗಬಾರದೆ ಎನಿಸಿತು. ಹೆಂಡತಿ ಹಾಳುಮಾಡುತ್ತಾಳೆಂದು ಹೆದರಿ ತಾಲೀಮು ಮಾಡಿಸಿದ ನಾನೇ ಮಗಳ ಒಂದು ವರ್ಷವನ್ನು ಒಡೆದುಹಾಕಿದ್ದೆ, ಜಾಡಿ ಒಡೆದ ಹಾಗೆ.

ಸೀತೆ ನನ್ನ ಕಡೆ ನೋಡಲಿಲ್ಲ. ಮೊದಲು ದಾನಮ್ಮನ ಎರಡೂ ಕೈ ಹಿಡಿದಳು. "ತಪ್ಪಾಯ್ತು ಕಣೇ ದಾನಮ್ಮ. ಮೂರು ವರ್ಷ ನಿನ್ನನ್ನ ಅನುಮಾನಿಸಿದೆ." ದಾನಮ್ಮ ಮುಖ ಆ ಕಡೆ ತಿರುಗಿಸಿ ಮೂಗು ಒರೆಸಿಕೊಂಡಳು. ಆಮೇಲೆ ಸೀತೆ ಶುಭಾ ಮೇಡಂ ಮುಂದೆ ಹೋಗಿ ನಿಂತಳು.

"ಮೇಡಂ, ನನ್ನ ಮಗಳ ತಪ್ಪಿಲ್ಲ. ಇವರೊಬ್ಬರನ್ನ ಬಿಟ್ಟು ಉಳಿದವರೆಲ್ಲ ಇನ್ನೊಂದು ನಲವತ್ತು ನಿಮಿಷ ಕೂತ್ಕೊಳ್ತೀವಿ. ಇನ್ನೊಂದೇ ಒಂದು ಅವಕಾಶ ಕೊಡಿ."

ಶುಭಾ ಮೇಡಂ ಗಡಿಯಾರ ಚೀಲಕ್ಕೆ ಹಾಕಿಕೊಂಡರು. "ಇವತ್ತು ಆಗಲ್ಲಮ್ಮ. ಮುಂದಿನ ಭಾನುವಾರ ಮತ್ತೆ ನೋಡೋಣ. ಯಜಮಾನ್ರು ಹೊರಗಡೆ ಕೂತಿರ್ಲಿ."

ವಾಪಸ್ಸು ಬರುವಾಗ ಬನ್ನೇರುಘಟ್ಟ ರಸ್ತೆಯಲ್ಲಿ ಒಂದೂಕಾಲು ಗಂಟೆ ಟ್ರಾಫಿಕ್ಕು. ಐದು ದಿನದ ಬಾಕಿ ಮಾತೆಲ್ಲ ಆ ಆಟೋದಲ್ಲೇ ತೀರಿತು. ನಾನು ಮತ್ತೆ ಮಧ್ಯೆ ಕೂತಿದ್ದೆ. ಆಗ ತಿಳಿದದ್ದು ಇಷ್ಟು: ಬುಧವಾರ ದೇವರ ಕೋಣೆಗೆ ಹೋದವಳು ಬರೀ ಕೈಕಾಲು ತೊಳೆದು ಬಂದಿರಲಿಲ್ಲ. ಮಗಳ ಕೆಲಸಕ್ಕೆ ತನ್ನ ಬಾಯಿಂದ ವಿಘ್ನ ಬರಬಾರದೆಂದು ಸಂಕಲ್ಪ ಮಾಡಿ, ದಾರ ಕಟ್ಟಿಕೊಂಡು, ಭಾನುವಾರದವರೆಗೆ ಮೌನವ್ರತ ಹಿಡಿದಿದ್ದಳು. ವ್ರತ ಅಂದಮೇಲೆ ನಡುವೆ ಬಿಡುವಂತಿಲ್ಲ, ಬರೆದು ತೋರಿಸುವಂತೆಯೂ ಇಲ್ಲ. ಶನಿವಾರ ದಾನಮ್ಮನಿಗೆ ಪಾಸಿನ ಜೊತೆ ಎಲೆ ಅಡಿಕೆ ಕೊಟ್ಟದ್ದೂ ಆ ವ್ರತದ ತಾಂಬೂಲವೆಂದೇ.

"ಮತ್ತೆ ಉಪ್ಪಿನಕಾಯಿ ಯಾಕೆ ಬಡಿಸ್ದೆ?"

"ನೀವು ಆ ಕಡೆ ಕೈ ತೋರಿಸಿದ್ರಿ. ಬೇಡ ಅನ್ನೋಣ ಅಂದ್ರೆ ಬಾಯಿ ಬಿಡೋ ಹಾಗಿಲ್ಲ. ಹಾಳಾಗಿ ಹೋಗ್ಲಿ, ಒಂದಿನ ತಿನ್ಲಿ ಅಂತ ಹಾಕ್ದೆ."

"ಹಾಗಾದ್ರೆ ಜಾಡಿ ವಿಷಯ ನಿನಗೆ..."

"ನೀವು ಹೇಳೋವರೆಗೂ ನಂಗೇನ್ರೀ ಗೊತ್ತಿತ್ತು? ವಡೆ ವಿಷಯಾನೂ ಗೊತ್ತಿರ್ಲಿಲ್ಲ! ಮೂವತ್ತೊಂದು ವರ್ಷ ಬಾಯಿ ನೋಯೋ ಹಂಗೆ ಕೇಳಿದ್ರೂ ಒಂದೂ ಹೊರಗೆ ಬರ್ಲಿಲ್ಲ. ಸುಮ್ನೆ ಕೂತಿದ್ದಕ್ಕೆ ಎಲ್ಲಾ ತಾನಾಗೇ ಬಂತಲ್ಲ!"

ಹಾಗೆಂದು ಅವಳು ನನ್ನ ಕಡೆ ನೋಡಿದ ನೋಟ ನನಗೆ ಹಿಡಿಸಲಿಲ್ಲ. ಹೊಸ ಮಿಕ್ಸಿಯ ಎಲ್ಲ ಗುಂಡಿಗಳೂ ಈಗ ಅರ್ಥವಾದವು ಎನ್ನುವಂಥ ನೋಟ ಅದು.

ಮನೆಗೆ ಬಂದ ತಕ್ಷಣ ಶೆಲ್ಫಿನ ಜವಾಬ್ದಾರಿ ದಾನಮ್ಮನಿಗೆ ಹೋಯಿತು. ನಾನು ಸ್ಟೂಲಿನ ಹತ್ತಿರ ಸುಳಿದರೂ "ಈಚೀಗೆ ಬರ್ರಿ ಸಾರ್" ಎನ್ನುತ್ತಾಳೆ. ತನ್ಮಯಿ ಎರಡು ದಿನ ನನ್ನ ಫೋನು ಎತ್ತಲಿಲ್ಲ. ಮೂರನೆಯ ದಿನ ಎತ್ತಿ, ಮ್ಯೂಸಿಯಮ್ಮಿನ ಸೂಚನೆಗಳಿಗೆ ಒಂದು ಸಾಲು ಸೇರಿಸಿದ್ದೇವೆ ಎಂದು ಓದಿ ಹೇಳಿದಳು: 'ಮನೆಯಲ್ಲಿ ಹೇಳಬೇಕಾದದ್ದನ್ನು ಹೇಳಿ ಮುಗಿಸಿಕೊಂಡು ಬನ್ನಿ.' ಕೊನೆಗೆ ಸ್ವಲ್ಪ ನಕ್ಕಳು. ನನಗೆ ಜೀವ ಬಂತು.

ವ್ರತಭಂಗವಾದ್ದರಿಂದ ಸೀತೆ ಬುಧವಾರ ಮತ್ತೆ ತಲೆಗೆ ಸ್ನಾನ ಮಾಡಿ, ಹೊಸ ದಾರ ಕಟ್ಟಿ, ಮೊದಲಿನಿಂದ ಮೌನ ಹಿಡಿದಳು. ಈ ಸಲ ನಾನೇಕೆ ಹೆದರಲಿ? ಅದು ಬರೀ ವ್ರತವೆಂದು ನನಗೆ ಗೊತ್ತು. ಅವಳೇ ಹೇಳಿದ್ದಾಳೆ. ಮುಚ್ಚಿಡುವುದಕ್ಕೂ ಏನೂ ಉಳಿದಿಲ್ಲ. ನೆಮ್ಮದಿಯಾಗಿ ಪೇಪರು ಹಿಡಿದು ಕೂತೆ.

ಗುರುವಾರ ಬೆಳಗ್ಗೆ ಸೀತೆ ಕಾಫಿ ತಂದು ಟೀಪಾಯಿಯ ಮೇಲಿಟ್ಟಳು. ಎದುರಿನ ಕುರ್ಚಿ ಎಳೆದುಕೊಂಡು ಕೂತಳು. ಏನೂ ಮಾಡಲಿಲ್ಲ. ಕೈಕಟ್ಟಿಕೊಂಡು ಸುಮ್ಮನೆ ನನ್ನ ಮುಖ ನೋಡಿದಳು.

ಒಂದು ನಿಮಿಷ ತಡೆದೆ. ಎರಡು ನಿಮಿಷ ತಡೆದೆ.

"ಸೀತೂ," ಎಂದೆ, ಕಾಫಿ ಲೋಟ ಕೆಳಗಿಟ್ಟು. "ನಿನ್ನ ತಮ್ಮನ ಸ್ಕೂಟರ್ ಕಳ್ಳತನ ಆಗಿತ್ತಲ್ಲ..."